ಅನ್‌ಲಿಮಿಟೆಡ್ ಅಂದ್ರೆ ಇಪ್ಪತ್ತು

ಶೇರ್ಡ್ ಹೋಸ್ಟಿಂಗ್ ಮಾರೋರ ಭಾಷೆಯನ್ನ ನಮ್ಮ ಸಾಹಿತ್ಯ ವಿಮರ್ಶಕರು ಯಾರಾದ್ರೂ ಒಮ್ಮೆ ಕೈಗೆತ್ತಿಕೊಳ್ಳಬೇಕು. ಅಷ್ಟು ಅತಿಶಯೋಕ್ತಿ ಹಳೇ ಶಾಸನಗಳಲ್ಲೂ ಸಿಗಲಿಕ್ಕಿಲ್ಲ. ಅನ್‌ಲಿಮಿಟೆಡ್ ಜಾಗ, ಅನ್‌ಲಿಮಿಟೆಡ್ ಬ್ಯಾಂಡ್‌ವಿಡ್ತ್, ಅನ್‌ಲಿಮಿಟೆಡ್ ಇಮೇಲ್, ಮೇಲೊಂದು ಡೊಮೇನ್ ಒಂದು ವರ್ಷ ಪುಕ್ಕಟೆ. ತಿಂಗಳಿಗೆ ನೂರು ಚಿಲ್ಲರೆ ರೂಪಾಯಿ. ಕೆಳಗೆ ಒಂದೇ ಕ್ಲಿಕ್ಕಿನಲ್ಲಿ ಹಾಕಿಕೊಳ್ಳಬಹುದಾದ ತಂತ್ರಾಂಶಗಳ ಪಟ್ಟಿ. ಬ್ಲಾಗು, ಅಂಗಡಿ, ಫೋಟೋ ಗ್ಯಾಲರಿ ಎಲ್ಲಾ ಇರುತ್ತೆ. ಅದರ ನಡುವೆ ಎಲ್ಲೋ ಒಂದು ಕಡೆ ಚಾಟ್ ತಂತ್ರಾಂಶಾನೂ ಕೂತಿರುತ್ತೆ. ಈ ಬರಹ ಅದರ ಬಗ್ಗೆ.

ಮೊದಲು ಶೇರ್ಡ್ ಹೋಸ್ಟಿಂಗ್ ಅಂದ್ರೆ ಏನು ಅಂತ ನಮ್ಮೂರ ಲೆಕ್ಕದಲ್ಲಿ ಹೇಳ್ತೀನಿ. ನಮ್ಮೂರು ತುಳಸಿಗೇರಿ, ಬಾಗಲಕೋಟೆಯಿಂದ ಕಲಾದಗಿ ಕಡೆ ಹೋಗುವ ದಾರಿಯಲ್ಲಿ ಬರುತ್ತೆ. ಹನುಮಪ್ಪನ ಗುಡಿಯಿಂದ ಹೆಸರಾದ ಊರು. ನಮ್ಮ ಕಡೆ ಊರ ಬಾವಿಗೆ ಯಾರು ಬೇಕಾದ್ರೂ ಕೊಡ ಹಿಡ್ಕೊಂಡು ಹೋಗಬಹುದು. ಎಷ್ಟು ಸಲ ಬೇಕಾದ್ರೂ ಹೋಗಬಹುದು, ಯಾರೂ ಲೆಕ್ಕ ಇಡಲ್ಲ. ಹಂಗಂತ ನೀವು ಹೋಗಿ ಬಾವಿಗೆ ಮೋಟರ್ ಇಳಿಸಿದ್ರೆ ಮರುದಿನ ಬೆಳಿಗ್ಗೆ ನಾಲ್ಕು ಮಂದಿ ಹಿರಿಯರು ನಿಮ್ಮ ಮನೆ ಕಟ್ಟೆ ಮೇಲೆ ಕೂತಿರ್ತಾರೆ. ಶೇರ್ಡ್ ಹೋಸ್ಟಿಂಗ್ ಅಂದ್ರೆ ಇದೇ. ಒಂದು ಯಂತ್ರ, ಅದರ ಮೇಲೆ ನೂರಾರು ಮಂದಿಯ ವೆಬ್‌ಸೈಟು. ಯಾರೋ ಪುಟ ಕೇಳ್ತಾರೆ, ಪಿಎಚ್‌ಪಿ ಎದ್ದು ಡೇಟಾಬೇಸ್ ನೋಡಿ ಪುಟ ಕೊಟ್ಟು ಮಲಗುತ್ತೆ. ಇದು ಕೊಡದ ವ್ಯವಹಾರ. ಇಲ್ಲಿ ಇಪ್ಪತ್ನಾಲ್ಕು ತಾಸು ಎಚ್ಚರ ಇರುವ ಪ್ರೋಗ್ರಾಮು ಓಡಿಸೋ ಹಂಗಿಲ್ಲ, ನಿಮ್ಮದೇ ಪೋರ್ಟ್ ತೆರೆಯೋ ಹಂಗಿಲ್ಲ. ಅವೆಲ್ಲ ಮೋಟರ್ ವ್ಯವಹಾರ.

ಚಾಟ್ ಅನ್ನೋದು ಹುಟ್ಟಿನಿಂದಲೇ ಮೋಟರ್. 1988ರಲ್ಲಿ ಫಿನ್‌ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿ ಯಾರ್ಕೊ ಒಯ್ಕರಿನೆನ್ ಬರೆದ ಐಆರ್‌ಸಿ ಇರಲಿ, 1999ರಲ್ಲಿ ಜೆರೆಮಿ ಮಿಲ್ಲರ್ ಹೊರತಂದ ಜ್ಯಾಬರ್ ಇರಲಿ, ಎರಡರಲ್ಲೂ ಒಮ್ಮೆ ಸಂಪರ್ಕ ತೆರೆದರೆ ಅದು ತೆರೆದೇ ಇರುತ್ತೆ. ಮಾತು ಬಂದಾಗ ಸರ್ವರ್ ತಾನಾಗಿ ತಳ್ಳುತ್ತೆ, ಬರದಿದ್ದಾಗ ಸುಮ್ಮನಿರುತ್ತೆ. ಇದನ್ನ ಕೊಡ ಮಾತ್ರ ಬಿಡುವ ಬಾವಿಗೆ ತರೋದು ಹೆಂಗೆ? ಈ ಪ್ರಶ್ನೆಗೆ ಸುಮಾರು ಮಂದಿ ಜಾಣರು ಉತ್ತರ ಬರೆದಿದ್ದಾರೆ. ಆ ಉತ್ತರಗಳಲ್ಲಿ ಎರಡನ್ನ ನಾನು ಹತ್ತಿರದಿಂದ ನೋಡಿದೀನಿ.

ಅದಕ್ಕೂ ಮುಂಚೆ ನಿಮ್ಮ ಪ್ರಶ್ನೆ ಬರುತ್ತೆ ಅಂತ ಗೊತ್ತು. ವಾಟ್ಸಾಪ್ ಇರುವಾಗ ಯಾಕಪ್ಪಾ ಈ ತಲೆನೋವು?

ನಮ್ಮೂರ ಕಡೆಯ ಒಂದು ಹುಡುಗರ ಗುಂಪು ನನ್ನ ಹತ್ತಿರ ಬಂದಿದ್ದೇ ಈ ಕಾರಣಕ್ಕೆ. ಡಿಪ್ಲೊಮಾ ಮುಗಿಸಿದವರು, ಬಾಗಲಕೋಟೆಯಲ್ಲಿ ಬಿಸಿಎ ಮಾಡ್ತಿದ್ದವರು. ಊರಿಂದ ಹೊರಗೆ ದುಡಿಯೋಕೆ ಹೋದವರನ್ನೆಲ್ಲ ಒಂದು ಕಡೆ ಸೇರಿಸಬೇಕು ಅಂತ ಅವರ ಆಸೆ. ಗೋವಾ, ಮಂಗಳೂರು ಕಡೆ ಕಟ್ಟಡ ಕೆಲಸಕ್ಕೆ ಹೋದವರು, ಬೆಂಗಳೂರಲ್ಲಿ ನರ್ಸ್ ಆಗಿರೋರು, ಪೀಣ್ಯದಲ್ಲಿ ಲೇತ್ ಮೇಲೆ ನಿಂತವರು, ನನ್ನಂತೆ ವೈಟ್‌ಫೀಲ್ಡಿನಲ್ಲಿ ಕುರ್ಚಿ ಸವೆಸೋರು. ವಾಟ್ಸಾಪ್ ಗುಂಪು ಮಾಡಿದ್ರು. ತುಂಬಿತು. ಆದರೆ ಅದರಲ್ಲಿ ಒಬ್ಬ ಹೆಣ್ಣುಮಗಳೂ ಇರಲಿಲ್ಲ. ಕಾರಣ ಸರಳ. ಗುಂಪಿಗೆ ಸೇರಿದ ಕೂಡಲೇ ನಿಮ್ಮ ನಂಬರ್ ಊರ ಮಂದಿಗೆಲ್ಲ ಕಾಣುತ್ತೆ. ರಾತ್ರಿ ಹನ್ನೊಂದಕ್ಕೆ ‘ಹಾಯ್’ ಬರೋಕೆ ಶುರುವಾಗುತ್ತೆ. ಅವರಲ್ಲಿ ಒಬ್ಬನ ಅಕ್ಕ, ನರ್ಸ್, ಒಂದೇ ಮಾತಲ್ಲಿ ಹೇಳಿದ್ಲಂತೆ: “ನಂಬರ್ ಕೊಡದಂಗ ಮಾತಾಡೂದು ಬರೂದಿದ್ರ ಹೇಳ್ರಿ, ಬರ್ತೀವಿ.”

ಟೆಲಿಗ್ರಾಮ್‌ನಲ್ಲಿ ನಂಬರ್ ಮುಚ್ಚಿಡಬಹುದಲ್ಲ ಅಂತೀರಿ. ನಿಜ. ಆದರೆ ಅಕೌಂಟ್ ತೆರೆಯೋಕೆ ನಂಬರ್ ಬೇಕೇ ಬೇಕು, ಮತ್ತೆ ಮನೆಯಲ್ಲಿ ಒಂದೇ ಫೋನು ಇದ್ದು ಅದೂ ಅಪ್ಪನ ಅಂಗಿ ಜೇಬಲ್ಲಿದ್ರೆ ಈ ಸಲಹೆಗೆ ಅರ್ಥ ಇಲ್ಲ. ಇನ್ನೊಂದು ಸಂಗತೀನೂ ಇದೆ. ನಮ್ಮ ವಯಸ್ಸಿನವರು ಈಗಾಗಲೇ ಎಷ್ಟು ಬಾಡಿಗೆ ಮನೆ ಖಾಲಿ ಮಾಡಿದೀವಿ ನೆನಪಿಸಿಕೊಳ್ಳಿ. ಸೈಬರ್ ಕೆಫೆಯಲ್ಲಿ ತಾಸಿಗೆ ಇಪ್ಪತ್ತು ರೂಪಾಯಿ ಕೊಟ್ಟು ಕೂತಿದ್ದ ಯಾಹೂ ಚಾಟ್ ರೂಮುಗಳು 2012ರ ಡಿಸೆಂಬರ್‌ನಲ್ಲಿ ಮುಚ್ಚಿದವು. ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಹೋಯ್ತು. ಯಾಹೂ ಮೆಸೆಂಜರ್ 2018ರ ಜುಲೈಗೆ. ಪ್ರತಿ ಸಲ ಮನೆ ಮಾಲೀಕ ನೋಟಿಸ್ ಅಂಟಿಸಿದ, ನಾವು ಗಂಟುಮೂಟೆ ಕಟ್ಟಿದ್ವಿ. ಸ್ವಂತದ್ದೊಂದು ಕಟ್ಟೆ ಇರಲಿ ಅನ್ನೋ ಆಸೆ ಹುಚ್ಚಲ್ಲ.

ಹಂಗಾಗಿ ಹುಡುಗರು ಪಟ್ಟಿ ಹಾಕಿ ದುಡ್ಡು ಕೂಡಿಸಿ, ಶೇರ್ಡ್ ಹೋಸ್ಟಿಂಗ್ ಕೊಂಡು, ಅದರ ಮೇಲೆ ಚಾಟ್ ಏರಿಸಿದ್ರು. ಅವರು ಆರಿಸಿದ್ದು ಸೆಬಾಸ್ಟಿಯನ್ ಚಾನ್ ಬರೆದ ‘ಅಜಾಕ್ಸ್ ಚಾಟ್’. ಜರ್ಮನಿಯ ಈತ ಬ್ಲೂಇಂಪ್ ಹೆಸರಲ್ಲಿ ಬರೆಯೋನು. ನೀವು ವೆಬ್ ಕೆಲಸ ಮಾಡೋರಾದ್ರೆ ಇವನ ಫೈಲ್ ಅಪ್‌ಲೋಡ್ ಕೋಡನ್ನ ಎಲ್ಲೋ ಒಂದು ಕಡೆ ಬಳಸಿರ್ತೀರಿ.

ತಂತ್ರಾಂಶವಾಗಿ ಅಜಾಕ್ಸ್ ಚಾಟ್ ಚಂದದ ಕೆಲಸ. ಕೋಡ್ ಓದೋಕೆ ಹಿತವಾಗಿದೆ. ಪಿಎಚ್‌ಪಿ ಮತ್ತು ಮೈಎಸ್‌ಕ್ಯೂಎಲ್ ಎರಡಿದ್ರೆ ಸಾಕು, ಬೇರೇನೂ ಕೇಳಲ್ಲ. ನಂಬರ್ ಬೇಡ, ಇಮೇಲ್ ಬೇಡ, ಅತಿಥಿಯಾಗಿ ಒಂದು ಹೆಸರು ಹಾಕಿ ಒಳಗೆ ಬರಬಹುದು. ನರ್ಸ್ ಅಕ್ಕ ಕೇಳಿದ್ದು ಇದನ್ನೇ. ಇನ್ನೊಂದು ಮೆಚ್ಚಬೇಕಾದ್ದು ಅದರ ಪ್ರಾಮಾಣಿಕತೆ. ನಿಜವಾದ ತಳ್ಳುವ ಸಂಪರ್ಕ ಬೇಕಿದ್ರೆ ರೂಬಿಯಲ್ಲಿ ಬರೆದ ಒಂದು ಸಾಕೆಟ್ ಸರ್ವರ್ ಬೇರೆಯೇ ಓಡಿಸಬೇಕು ಅಂತ ಅದು ಮರೆಮಾಚದೆ ಹೇಳುತ್ತೆ. ಶೇರ್ಡ್ ಹೋಸ್ಟಿಂಗ್‌ನಲ್ಲಿ ಅದನ್ನ ಓಡಿಸೋಕೆ ಆಗಲ್ಲ. ಆಗ ಉಳಿಯೋದು ಒಂದೇ ದಾರಿ. ಎರಡು ಸೆಕೆಂಡಿಗೊಮ್ಮೆ ಕೇಳೋದು.

ಇದನ್ನ ಪೋಲಿಂಗ್ ಅಂತಾರೆ. ನ್ಯಾಯಬೆಲೆ ಅಂಗಡಿ ಮುಂದೆ ನಿಂತು “ಸೀಮೆಎಣ್ಣಿ ಬಂತೇನ್ರಿ?” ಅಂತ ಕೇಳಿದ ಹಾಗೆ. ಅಂಗಡಿಯವನು ಬೀಗ ತೆಗೆದು, ಒಳಗೆ ಹೋಗಿ, ಬ್ಯಾರಲ್ ಬಗ್ಗಿ ನೋಡಿ, ಹೊರಗೆ ಬಂದು “ಇಲ್ಲ” ಅಂತ ಹೇಳಿ ಮತ್ತೆ ಬೀಗ ಹಾಕ್ತಾನೆ. ಎರಡು ಸೆಕೆಂಡ್ ಬಿಟ್ಟು ನೀವು ಮತ್ತೆ ಕೇಳ್ತೀರಿ. ನಿಮ್ಮ ಹಿಂದೆ ಇನ್ನೂ ಎಪ್ಪತ್ತೊಂಬತ್ತು ಮಂದಿ ನಿಂತು ಅದನ್ನೇ ಕೇಳ್ತಿದಾರೆ. ಯಾರೂ ಒಂದಕ್ಷರ ಮಾತಾಡದಿದ್ರೂ, ಎಲ್ಲರೂ ಟ್ಯಾಬ್ ತೆರೆದಿಟ್ಟು ಊಟಕ್ಕೆ ಹೋಗಿದ್ರೂ, ಈ ಬೀಗ ತೆಗೆದು ಹಾಕೋ ಕೆಲಸ ನಿಲ್ಲಲ್ಲ. ಒಬ್ಬ ಬಳಕೆದಾರ ತಾಸಿಗೆ 1800 ಸಲ ಕೇಳ್ತಾನೆ. ಕೋರಿಕೆ ಮತ್ತು ಉತ್ತರ ಸೇರಿ ಒಂದು ಕಿಲೋಬೈಟ್ ಅಂತ ಹಿಡಿದ್ರೂ ಬರೀ “ಇಲ್ಲ” ಅನ್ನಿಸಿಕೊಳ್ಳೋಕೆ ತಾಸಿಗೆ ಸುಮಾರು ಎರಡು ಎಂಬಿ ಡೇಟಾ ಖರ್ಚು. ನಮಗೆ ನಿಮಗೆ ಇದು ಏನೂ ಅಲ್ಲ. ಹತ್ತು ರೂಪಾಯಿ ಪ್ಯಾಕ್ ಹಾಕ್ಕೊಂಡು ಗೋವಾದ ಸೈಟಿನಲ್ಲಿ ಕೂತವನಿಗೆ ಅದು ಲೆಕ್ಕಕ್ಕೆ ಬರುತ್ತೆ.

ಆದರೆ ನಿಜವಾದ ಗೋಡೆ ಡೇಟಾ ಅಲ್ಲ. ಬಹಳಷ್ಟು ಶೇರ್ಡ್ ಹೋಸ್ಟಿಂಗ್ ಕಂಪನಿಗಳು 2010ರಲ್ಲಿ ಬಂದ ಕ್ಲೌಡ್‌ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಂ ಬಳಸ್ತವೆ. ಒಬ್ಬ ಬಾಡಿಗೆದಾರ ಇಡೀ ಯಂತ್ರ ನುಂಗದ ಹಾಗೆ ಪ್ರತಿ ಅಕೌಂಟಿಗೂ ಬೇಲಿ ಹಾಕೋದು ಅದರ ಕೆಲಸ. ಆ ಬೇಲಿಯಲ್ಲಿ ‘ಎಂಟ್ರಿ ಪ್ರೊಸೆಸ್’ ಅನ್ನೋ ಒಂದು ಗೂಟ ಇದೆ. ಒಂದೇ ಕ್ಷಣದಲ್ಲಿ ನಿಮ್ಮ ಅಕೌಂಟಿನ ಒಳಗೆ ಎಷ್ಟು ಪಿಎಚ್‌ಪಿ ಕೆಲಸ ನಡೀತಿರಬಹುದು ಅನ್ನೋ ಮಿತಿ ಅದು. ಅಗ್ಗದ ಪ್ಲಾನುಗಳಲ್ಲಿ ಸಾಮಾನ್ಯವಾಗಿ ಕಾಣೋ ಸಂಖ್ಯೆ 20. ಇಪ್ಪತ್ತೊಂದನೆಯವನಿಗೆ ‘508, ರಿಸೋರ್ಸ್ ಲಿಮಿಟ್ ಈಸ್ ರೀಚ್ಡ್’ ಅಂತ ಬಿಳಿ ಹಾಳೆ ಕಾಣುತ್ತೆ. ಅನ್‌ಲಿಮಿಟೆಡ್‌ನ ತಳ ಅಲ್ಲಿದೆ.

ಲೆಕ್ಕ ಮಾಡಿ ನೋಡೋಣ. 1961ರಲ್ಲಿ ಜಾನ್ ಲಿಟಲ್ ಅನ್ನೋರು ಸಾಲುಗಳ ಬಗ್ಗೆ ಒಂದು ನಿಯಮ ಸಾಧಿಸಿ ತೋರಿಸಿದ್ರು. ಬಿಇಯಲ್ಲಿ ಓದಿ ಮರೆತಿರ್ತೀರಿ. ಒಳಗೆ ಒಂದೇ ಕ್ಷಣಕ್ಕೆ ಎಷ್ಟು ಮಂದಿ ಇರ್ತಾರೆ ಅಂದ್ರೆ, ಸೆಕೆಂಡಿಗೆ ಬರೋರ ಸಂಖ್ಯೆಯನ್ನ ಒಬ್ಬೊಬ್ಬರು ಒಳಗಿರೋ ಸಮಯದಿಂದ ಗುಣಿಸಬೇಕು. 80 ಮಂದಿ ಎರಡು ಸೆಕೆಂಡಿಗೊಮ್ಮೆ ಕೇಳಿದ್ರೆ ಸೆಕೆಂಡಿಗೆ 40 ಕೋರಿಕೆ. ಒಂದೊಂದಕ್ಕೆ 0.2 ಸೆಕೆಂಡ್ ಹಿಡಿದ್ರೆ ಒಳಗೆ ಸರಾಸರಿ 8. ಆರಾಮ. ಆದರೆ ಪಕ್ಕದ ಅಕೌಂಟಿನವನ ಅಂಗಡಿಗೆ ಹಬ್ಬದ ಸೇಲ್ ಬಂದು ಡೇಟಾಬೇಸ್ ನಿಧಾನವಾಗಿ, ಅದೇ ಕೆಲಸಕ್ಕೆ 0.5 ಸೆಕೆಂಡ್ ಹಿಡೀತು ಅನ್ನಿ. 40 ಗುಣಿಸು 0.5, ಇಪ್ಪತ್ತು. ಅದೂ ಸರಾಸರಿ. ಸರಾಸರಿಯೇ ಮಿತಿಗೆ ತಾಗಿದ್ರೆ ಗಳಿಗೆಗೊಮ್ಮೆ ದಾಟುತ್ತೆ. ನಿಮ್ಮ ಕಡೆ ಒಬ್ಬ ಮನುಷ್ಯನೂ ಹೆಚ್ಚಾಗಿಲ್ಲ, ಚಾಟ್ ಮಾತ್ರ ಸತ್ತಿದೆ.

ಹುಡುಗರಿಗೆ ಆಗಿದ್ದು ಹೆಚ್ಚುಕಡಿಮೆ ಇದೇ. ವಾರಗಟ್ಟಲೆ ಹತ್ತಿಪ್ಪತ್ತು ಮಂದಿ ಬಂದು ಮಾತಾಡಿ ಹೋಗ್ತಿದ್ರು, ಏನೂ ತೊಂದರೆ ಇರಲಿಲ್ಲ. ಹನುಮಪ್ಪನ ಕಾರ್ತಿಕದ ದಿನ ಸಂಜೆ, ಊರಿಗೆ ಬರೋಕಾಗದವರೆಲ್ಲ ಒಟ್ಟಿಗೆ ಒಳಗೆ ಬಂದ್ರು. ಎಪ್ಪತ್ತೆಂಬತ್ತು ಮಂದಿ. ಊರಲ್ಲಿದ್ದ ಒಬ್ಬ ಗುಡಿ ಮುಂದೆ ನಿಂತು ಏನೇನು ನಡೀತಿದೆ ಅಂತ ಟೈಪ್ ಮಾಡ್ತಿದ್ದ. ಕಾಲು ತಾಸಿಗೆ ನನಗೆ ಫೋನ್ ಬಂತು: “ಅಣ್ಣಾರ, ಐದುನೂರಾ ಎಂಟು ಅಂತ ಬರಾಕತ್ತೈತ್ರಿ. ಏನ್ರಿ ಅದು?” ಮರುದಿನ ಬೆಳಿಗ್ಗೆ ಹೋಸ್ಟಿಂಗ್ ಕಂಪನಿಯವರು ಅಕೌಂಟನ್ನೇ ಬಂದ್ ಮಾಡಿದ್ರು. ಎರಡು ಸಾಲಿನ ಇಮೇಲ್: ಸಂಪನ್ಮೂಲಗಳ ಅತಿಬಳಕೆ, ನಿಯಮ ಉಲ್ಲಂಘನೆ. ತಮಾಷೆ ಏನಂದ್ರೆ ಆ ಇಮೇಲ್ ಹೋಗಿದ್ದು ಅದೇ ಅಕೌಂಟಿನ ಮೇಲಿದ್ದ ವಿಳಾಸಕ್ಕೆ. ಅಕೌಂಟ್ ಬಂದ್ ಆದ್ಮೇಲೆ ಅದನ್ನ ಓದೋಕೂ ಆಗಲಿಲ್ಲ. ಫೋನ್ ಮಾಡಿ ಕೇಳಿದಾಗ ಓದಿ ಹೇಳಿದ್ರು.

ಇಲ್ಲಿ ಕಂಪನಿಯನ್ನ ಪೂರ್ತಿ ಬೈಯೋಕೆ ನನಗೆ ಮನಸ್ಸಿಲ್ಲ. ಬೇಲಿ ಬೇಕು. ನಮ್ಮ ಚಾಟ್ ಇಡೀ ಯಂತ್ರ ಹಿಡಿದು ಕೂತ್ರೆ ಅದೇ ಯಂತ್ರದ ಮೇಲಿರೋ ಯಾವುದೋ ಶಾಲೆಯ ಪುಟ, ಯಾವುದೋ ಡಾಕ್ಟರ ಪುಟ ತೆರೆಯಲ್ಲ. ನನ್ನ ತಕರಾರು ಇರೋದು ಬೇರೆ ಕಡೆ. 20 ಅನ್ನೋ ಸಂಖ್ಯೆ ಮೊದಲ ದಿನದಿಂದಲೇ ಗೊತ್ತಿದ್ದದ್ದು, ಅದನ್ನ ಬೆಲೆಪಟ್ಟಿಯಲ್ಲಿ ಬರೀಬಹುದಿತ್ತು. ಬದಲಾಗಿ ಅಳತೆಯೇ ಇಲ್ಲದ ಜಾಗವನ್ನ ದಪ್ಪ ಅಕ್ಷರದಲ್ಲಿ ಬರೆದು, ಚಾಟ್ ಹಾಕೋ ಬಟನ್ನನ್ನೂ ಕೊಟ್ಟು, ಚಾಟ್ ತಂತ್ರಾಂಶ ಓಡಿಸಬಾರದು ಅನ್ನೋ ಸಾಲನ್ನ ನಿಯಮಪತ್ರದ ಹೊಟ್ಟೆಯೊಳಗೆ ಇಟ್ಟಿದ್ರು. ಅಂಗಡಿಯಲ್ಲಿ ಪಟಾಕಿ ಮಾರಿ, ಹಚ್ಚಿದ್ರೆ ದಂಡ ಹಾಕೋ ವ್ಯಾಪಾರ ಇದು.

ಎರಡನೇ ಉತ್ತರ ‘ಪಿಎಚ್‌ಪಿ ಫ್ರೀಚಾಟ್’, ಫ್ರಾನ್ಸಿನಿಂದ ಬಂದದ್ದು. ಇದರ ಹಳೇ ಆವೃತ್ತಿಗಳ ಹೆಗ್ಗಳಿಕೆ ಅಂದ್ರೆ ಡೇಟಾಬೇಸೇ ಬೇಡ, ಎಲ್ಲಾ ಫೈಲುಗಳಲ್ಲೇ ಇಟ್ಕೊಳ್ಳುತ್ತೆ. ಬಡವರ ಮನೆ ಹುಡುಗನ ಜಾಣತನ ಇದರಲ್ಲಿದೆ, ನನಗೆ ಇಷ್ಟ. ಆದರೆ ಸಣ್ಣ ಸಣ್ಣ ಫೈಲುಗಳ ರಾಶಿ ಬೆಳೆಯುತ್ತೆ, ಪ್ರತಿ ಸಲ ಕೇಳಿದಾಗಲೂ ಡಿಸ್ಕ್ ಮುಟ್ಟಬೇಕಾಗುತ್ತೆ. ಹೋಸ್ಟಿಂಗ್‌ನಲ್ಲಿ ಫೈಲುಗಳ ಸಂಖ್ಯೆಗೂ, ಡಿಸ್ಕ್ ಓದುವ ವೇಗಕ್ಕೂ ಬೇರೆ ಬೇರೆ ಗೂಟ ಇರ್ತವೆ. ಒಂದು ಗೂಟ ತಪ್ಪಿಸಿಕೊಂಡು ಇನ್ನೊಂದಕ್ಕೆ ಎಡವಿದ ಹಾಗೆ. ಹತ್ತು ಮಂದಿಗೆ ಸಾಕು, ಐವತ್ತಕ್ಕಲ್ಲ.

ಇನ್ನು ಇಂಟರ್‌ನೆಟ್ಟಿನಲ್ಲಿ ಎಲ್ಲರೂ ಕೊಡೋ ಸಲಹೆ ಒಂದಿದೆ, ಲಾಂಗ್ ಪೋಲಿಂಗ್ ಮಾಡಿ ಅಂತ. ಎರಡು ಸೆಕೆಂಡಿಗೊಮ್ಮೆ ಕೇಳೋ ಬದಲು ಒಮ್ಮೆ ಕೇಳಿ, ಮಾತು ಬರೋತನಕ ಇಪ್ಪತ್ತೈದು ಮೂವತ್ತು ಸೆಕೆಂಡ್ ಬಾಗಿಲಲ್ಲೇ ಕಾಯೋದು. ಸ್ವಂತ ಸರ್ವರ್ ಮೇಲೆ ಇದು ಒಳ್ಳೆಯ ಸಲಹೆ. ಶೇರ್ಡ್ ಹೋಸ್ಟಿಂಗ್ ಮೇಲೆ ಇದು ಆತ್ಮಹತ್ಯೆ. ಲಿಟಲ್ ನಿಯಮಕ್ಕೆ ವಾಪಸ್ ಬನ್ನಿ. ಈಗ ಪ್ರತಿಯೊಬ್ಬನೂ ಒಂದೊಂದು ಪಿಎಚ್‌ಪಿ ಕೆಲಸವನ್ನ ಹಿಡ್ಕೊಂಡೇ ಕೂತಿರ್ತಾನೆ. ಇಪ್ಪತ್ತು ಮಂದಿ ಬಂದ್ರೆ ಇಪ್ಪತ್ತು. ಇಪ್ಪತ್ತೊಂದನೆಯವನಿಗೆ ಬಾಗಿಲೇ ಇಲ್ಲ. ದಡ್ಡ ಪೋಲಿಂಗ್ ಎಂಬತ್ತು ಮಂದಿಯನ್ನ ತಕ್ಕಮಟ್ಟಿಗೆ ಎಳೆಯುತ್ತೆ, ಜಾಣ ಪೋಲಿಂಗ್ ಇಪ್ಪತ್ತಕ್ಕೇ ಮಗುಚುತ್ತೆ. ಮೇಲಾಗಿ ಪಿಎಚ್‌ಪಿ ಒಬ್ಬ ಬಳಕೆದಾರನ ಸೆಷನ್ ಫೈಲಿಗೆ ಬೀಗ ಹಾಕಿಕೊಂಡಿರುತ್ತೆ. ಕಾಯೋಕೆ ಮುಂಚೆ ಆ ಬೀಗ ಬಿಡಿಸದಿದ್ರೆ ಅವನು ಕಳಿಸೋ ಮಾತೂ ಅವನದೇ ಕಾಯುವಿಕೆಯ ಹಿಂದೆ ಸಾಲಿನಲ್ಲಿ ನಿಲ್ಲುತ್ತೆ. ವೇದಿಕೆ ನೋಡದೆ ಸಲಹೆ ಕೊಡೋ ಚಟ ನಮ್ಮ ಉದ್ಯೋಗದಲ್ಲಿ ಬಹಳ ಇದೆ.

ಕನ್ನಡದ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಈ ತಂತ್ರಾಂಶಗಳ ವಿಮರ್ಶೆ ಮಾಡೋ ಇಂಗ್ಲಿಷ್ ಮಂದಿ ಯಾರೂ ಇಲ್ಲಿಗೆ ಬರಲ್ಲ. ಯೂನಿಕೋಡ್‌ನಲ್ಲಿ ಕನ್ನಡದ ಒಂದೊಂದು ಸಂಕೇತ ಯುಟಿಎಫ್-8ರಲ್ಲಿ ಮೂರು ಬೈಟ್ ಹಿಡಿಯುತ್ತೆ, ಒತ್ತು ಕಾಗುಣಿತ ಎಲ್ಲಾ ಬೇರೆ ಬೇರೆ ಸಂಕೇತ. ತುಳಸಿಗೇರಿ ಅಂತ ಬರೆದ್ರೆ ಒಂಬತ್ತು ಸಂಕೇತ, 27 ಬೈಟ್. ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದ್ರೆ 10 ಬೈಟ್. ಪಿಎಚ್‌ಪಿಯ ಸಾದಾ ಅಳತೆಗೋಲು ಅಕ್ಷರ ಎಣಿಸಲ್ಲ, ಬೈಟ್ ಎಣಿಸುತ್ತೆ. ಹೆಸರಿಗೆ 16ರ ಮಿತಿ ಇಟ್ಟು ಅದೇ ಗೋಲಿನಿಂದ ಕತ್ತರಿಸೋ ತಂತ್ರಾಂಶದಲ್ಲಿ ‘ತುಳಸಿಗೇರಿ’ ಅನ್ನೋನು ‘ತುಳಸಿ’ ಆಗಿ, ಬಾಲಕ್ಕೆ ಒಂದು ಪ್ರಶ್ನಾರ್ಥಕ ಚಿಹ್ನೆಯ ಚೌಕ ಅಂಟಿಸ್ಕೊಂಡು ಬರ್ತಾನೆ. ಅಜಾಕ್ಸ್ ಚಾಟ್ ಬರೆದವನು ಇದನ್ನ ಯೋಚಿಸಿದಾನೆ, ಬಹು ಬೈಟ್ ಅಕ್ಷರಗಳನ್ನ ನೋಡಿಕೊಳ್ಳೋಕೆ ಪ್ರತ್ಯೇಕ ಕೋಡ್ ಇದೆ. ಎಲ್ಲರೂ ಯೋಚಿಸಿಲ್ಲ. ಡೇಟಾಬೇಸ್ ಹಳೇ ಲ್ಯಾಟಿನ್-1ರಲ್ಲಿದ್ರಂತೂ ಇಡೀ ಮಾತುಕತೆ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಒಂಥರಾ ಉಪನಿಷತ್ತು.

ಇದಕ್ಕಿಂತ ಸೂಕ್ಷ್ಮವಾದ ತೊಂದರೆ ನಮಸ್ಕಾರದಲ್ಲಿತ್ತು. ಮೈಎಸ್‌ಕ್ಯೂಎಲ್‌ನಲ್ಲಿ ‘ಯುಟಿಎಫ್8’ ಅಂತ ಹೆಸರಿಟ್ಟುಕೊಂಡಿರೋದು ನಿಜವಾದ ಯುಟಿಎಫ್-8 ಅಲ್ಲ, ಮೂರು ಬೈಟ್‌ವರೆಗಿನ ಅಕ್ಷರ ಮಾತ್ರ ಅದರಲ್ಲಿ ಹಿಡಿಯುತ್ತೆ. ಕನ್ನಡ ಸರಿಯಾಗಿ ಮೂರಕ್ಕೆ ಕೂರುತ್ತೆ. ಆದರೆ ಕೈಮುಗಿಯೋ ಇಮೋಜಿ ನಾಲ್ಕು ಬೈಟ್. ಹಳೇ ಸಡಿಲ ವ್ಯವಸ್ಥೆಯ ಡೇಟಾಬೇಸ್ ಆ ಇಮೋಜಿ ಸಿಕ್ಕ ಜಾಗದಿಂದ ಮುಂದಿನದನ್ನೆಲ್ಲ ಸದ್ದಿಲ್ಲದೆ ಕತ್ತರಿಸಿ ಬಿಸಾಕುತ್ತೆ. ನಮ್ಮ ಕಡೆಯ ಹಿರಿಯರು ಮಾತು ಶುರು ಮಾಡೋದೇ ಕೈಮುಗಿದು. ಹಂಗಾಗಿ ಹಿರಿಯರ ಸಂದೇಶಗಳು ‘ಎಲ್ಲರಿಗೂ’ ಅನ್ನೋದಕ್ಕೇ ನಿಂತು, ಹುಡುಗರ ಸಂದೇಶಗಳು ಪೂರ್ತಿ ಬರ್ತಿದ್ವು. ಸುಮಾರು ದಿನ ಹುಡುಗರು ಅಂದ್ಕೊಂಡಿದ್ದು ಹಿರಿಯರಿಗೆ ಟೈಪ್ ಮಾಡೋಕೆ ಬರಲ್ಲ ಅಂತ! ನಾಲ್ಕು ಬೈಟ್ ಹಿಡಿಯೋ ‘ಯುಟಿಎಫ್8ಎಂಬಿ4’ 2010ರಿಂದಲೇ ಇದೆ. ಟೇಬಲ್ ಬದಲಿಸಿ, ಸಂಪರ್ಕದ ಸೆಟ್ಟಿಂಗೂ ಬದಲಿಸಿದ್ಮೇಲೆ ಹಿರಿಯರಿಗೆ ಮಾತು ಬಂತು. ನುಡಿಯ ಹಳೇ ಫಾಂಟಿನಲ್ಲಿ ಬರೆದಿಟ್ಟದ್ದನ್ನ ತಂದು ಅಂಟಿಸೋ ಮೇಷ್ಟ್ರುಗಳ ಕಥೆ ಬೇರೆ, ಅದಕ್ಕೆ ಚಾಟ್ ತಂತ್ರಾಂಶವನ್ನ ದೂರೋ ಹಾಗಿಲ್ಲ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋ ಪ್ರಶ್ನೆ. ನರ್ಸ್ ಅಕ್ಕ ನಂಬಿ ಬಂದಿದ್ಲು. ಅವಳ ಗುಟ್ಟು ಎಷ್ಟು ಭದ್ರ?

ಅಜಾಕ್ಸ್ ಚಾಟ್‌ನಲ್ಲಿ ಇಬ್ಬರು ಖಾಸಗಿಯಾಗಿ ಆಡಿದ ಮಾತೂ ಎಲ್ಲರ ಮಾತು ಇರೋ ಅದೇ ಟೇಬಲಿನಲ್ಲಿ, ಬಿಚ್ಚಿಟ್ಟ ಅಕ್ಷರದಲ್ಲೇ ಕೂತಿರುತ್ತೆ. ಪಕ್ಕದಲ್ಲೇ ಐಪಿ ವಿಳಾಸ. ಸಿಪ್ಯಾನಲ್ ಪಾಸ್‌ವರ್ಡ್ ಇರೋ ಯಾರು ಬೇಕಾದ್ರೂ ಓದಬಹುದು. ಈ ಗುಂಪಿನಲ್ಲಿ ಆ ಪಾಸ್‌ವರ್ಡ್ ನಾಲ್ಕು ಹುಡುಗರ ಹತ್ತಿರ ಇತ್ತು, ಅದೂ ಕಳಿಸಿಕೊಂಡಿದ್ದು ವಾಟ್ಸಾಪ್‌ನಲ್ಲಿ! ಹೋಸ್ಟಿಂಗ್ ಕಂಪನಿಯ ಸಿಬ್ಬಂದಿಯೂ ಓದಬಹುದು. ಅಕೌಂಟುಗಳನ್ನ ಸರಿಯಾಗಿ ಬೇರ್ಪಡಿಸದ ಯಂತ್ರದಲ್ಲಿ, ಡೇಟಾಬೇಸ್ ಪಾಸ್‌ವರ್ಡ್ ಇರೋ ಕಾನ್ಫಿಗ್ ಫೈಲನ್ನ ಎಲ್ಲರೂ ಓದಬಹುದಾದ ಹಾಗೆ ಬಿಟ್ಟಿದ್ರೆ, ಪಕ್ಕದ ಬಾಡಿಗೆದಾರನೂ ಓದಬಹುದು. ವಾಟ್ಸಾಪ್ ನಂಬರ್ ತೋರಿಸುತ್ತೆ, ಆದರೆ 2016ರಿಂದ ಮಾತನ್ನ ಎರಡೂ ತುದಿಗೆ ಬೀಗ ಹಾಕಿ ಕಳಿಸುತ್ತೆ. ನಮ್ಮ ಸ್ವಂತ ಕಟ್ಟೆ ನಂಬರ್ ಮುಚ್ಚಿ ಮಾತನ್ನ ತೆರೆದಿಡುತ್ತೆ. ಊರಿನ ಹೆಣ್ಣುಮಗಳಿಗೆ ಹೆಚ್ಚು ಭಯ ಯಾರದ್ದು, ಕ್ಯಾಲಿಫೋರ್ನಿಯಾದ ಕಂಪನಿಯದ್ದಾ, ಎರಡನೇ ಓಣಿಯ ಹುಡುಗನದ್ದಾ? ಸ್ವಂತ ಸರ್ವರ್ ಅಂದ ಕೂಡಲೇ ಸ್ವಾತಂತ್ರ್ಯ ಅಂತ ಭಾಷಣ ಮಾಡೋ ನಮ್ಮ ಮುಕ್ತ ತಂತ್ರಾಂಶದ ಗೆಳೆಯರು ಈ ಎರಡನೇ ಓಣಿಯ ಬಗ್ಗೆ ಮಾತೇ ಆಡಲ್ಲ.

ಕಾನೂನೂ ಒಂದಿದೆ. ಬೇರೆಯವರ ಮಾತು ನಿಮ್ಮ ಯಂತ್ರದ ಮೂಲಕ ಹಾದುಹೋಗ್ತಿದ್ರೆ 2000ದ ಐಟಿ ಕಾಯ್ದೆ ಪ್ರಕಾರ ನೀವು ಮಧ್ಯವರ್ತಿ. ಯಾರೋ ಬರೆದದ್ದಕ್ಕೆ ನಿಮ್ಮನ್ನ ಹಿಡಿಯಬಾರದು ಅಂತ ಸೆಕ್ಷನ್ 79 ರಕ್ಷಣೆ ಕೊಡುತ್ತೆ, ಆದರೆ ಪುಕ್ಕಟೆ ಅಲ್ಲ. 2021ರ ನಿಯಮಗಳ ಪ್ರಕಾರ ದೂರು ಕೇಳೋ ಅಧಿಕಾರಿಯ ಹೆಸರು ಪುಟದಲ್ಲಿ ಹಾಕಿರಬೇಕು, ದೂರು ಬಂದದ್ದನ್ನ 24 ತಾಸಿನಲ್ಲಿ ಒಪ್ಪಿಕೊಳ್ಳಬೇಕು, ಗೊತ್ತುಮಾಡಿದ ಅವಧಿಯಲ್ಲಿ ಇತ್ಯರ್ಥ ಮಾಡಬೇಕು. ಬಿಸಿಎ ಎರಡನೇ ವರ್ಷದ ಹುಡುಗನಿಗೆ ನೀನೀಗ ಕುಂದುಕೊರತೆ ಅಧಿಕಾರಿ ಅಂದಾಗ ಅವನ ಮುಖ ನೋಡಬೇಕಿತ್ತು.

ಹಂಗಾದ್ರೆ ದಾರಿ? ಮೊದಲಿಗೆ, ಶೇರ್ಡ್ ಹೋಸ್ಟಿಂಗ್ ಮೇಲೆ ಚಾಟ್ ಓಡಲ್ಲ ಅಂತ ನಾನು ಹೇಳ್ತಿಲ್ಲ. ಹತ್ತು ಹದಿನೈದು ಮಂದಿಯ ಗುಂಪಿಗೆ, ಕೇಳೋ ಅಂತರವನ್ನ ಎರಡರಿಂದ ಐದಾರು ಸೆಕೆಂಡಿಗೆ ಎತ್ತಿ, ಟ್ಯಾಬ್ ಹಿಂದೆ ಸರಿದಾಗ ಕೇಳೋದನ್ನೇ ನಿಲ್ಲಿಸಿದ್ರೆ ಅಜಾಕ್ಸ್ ಚಾಟ್ ವರ್ಷಗಟ್ಟಲೆ ನಡೆಯುತ್ತೆ. ಅದಕ್ಕಿಂತ ದೊಡ್ಡದಾದ್ರೆ ಕೆಲಸ ಒಡೀಬೇಕು. ಪುಟ, ಫೋಟೋ ಶೇರ್ಡ್ ಹೋಸ್ಟಿಂಗ್ ಮೇಲೇ ಇರಲಿ. ಕನ್ವರ್ಸ್ ಅನ್ನೋ ಜಾವಾಸ್ಕ್ರಿಪ್ಟ್ ತಂತ್ರಾಂಶವನ್ನ ಅಲ್ಲೇ ಇಡಬಹುದು, ಅದು ಬರೀ ಫೈಲು, ಓಡೋದು ನೋಡೋರ ಬ್ರೌಸರ್‌ನಲ್ಲಿ. ಅದು ಮಾತಾಡೋ ಎಕ್ಸ್‌ಎಂಪಿಪಿ ಸರ್ವರ್ ಮಾತ್ರ ಬೇರೆ ಕಡೆ, ಒಂದು ಸಣ್ಣ ವಿಪಿಎಸ್ ಮೇಲೆ. ಪ್ರೊಸೊಡಿ ಅನ್ನೋದು ಲುವಾ ಭಾಷೆಯಲ್ಲಿ ಬರೆದ ಹಗುರ ಸರ್ವರ್, ಅತಿ ಸಣ್ಣ ಯಂತ್ರದಲ್ಲೂ ನೂರಾರು ಮಂದಿಯನ್ನ ಕೂರಿಸಿಕೊಳ್ಳುತ್ತೆ. ರಾಕೆಟ್ ಚಾಟ್, ಮ್ಯಾಟ್ರಿಕ್ಸ್ ಅಂತ ಆಫೀಸಿನ ಗೆಳೆಯರು ಹೇಳ್ತಾರೆ. ಚಂದ ಇವೆ, ಆದರೆ ಅವುಗಳ ಮೆಮೊರಿ ಹಸಿವು ನೋಡಿದ್ರೆ ಜಾತ್ರೆ ಅನ್ನಸಂತರ್ಪಣೆಯೇ ಬೇಕು.

ಡೆಲ್ಟಾ ಚಾಟ್ ಇನ್ನೊಂದು ಥರದ ಜಾಣತನ. ನೋಡೋಕೆ ಚಾಟ್, ಒಳಗೆ ಇಮೇಲ್. ಇಮೇಲ್ ಮಾತ್ರ ಶೇರ್ಡ್ ಹೋಸ್ಟಿಂಗ್‌ನವರು ಮನಸಾರೆ ಓಡಿಸಿಕೊಡೋ ಮೋಟರ್. ಮಾತಿಗೂ ಬೀಗ ಇರುತ್ತೆ, ನಂಬರೂ ಬೇಡ. ಬರೀ ವಾದಕ್ಕೆ ನೋಡಿದ್ರೆ ನರ್ಸ್ ಅಕ್ಕನಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ತಾಸಿಗೆ ಇಷ್ಟೇ ಇಮೇಲ್ ಅನ್ನೋ ಗೂಟ ಅಲ್ಲೂ ಇದೆ. ಐವತ್ತು ಮಂದಿಯ ಗುಂಪಿನಲ್ಲಿ ಒಬ್ಬ “ಹೂಂ” ಅಂದ್ರೆ ಐವತ್ತು ವಿಳಾಸಕ್ಕೆ ಹೋಗಬೇಕು. ನಮ್ಮ ಮಂದಿ “ಹೂಂ” ಅನ್ನದೆ ಮಾತಾಡ್ತಾರಾ?

ಅಂದಹಾಗೆ, ವಾಟ್ಸಾಪ್ ಕೂಡ ಶುರುವಾಗಿದ್ದು ಎಜಾಬರ್ಡಿ ಅನ್ನೋ ಮುಕ್ತ ಎಕ್ಸ್‌ಎಂಪಿಪಿ ಸರ್ವರನ್ನ ತಿದ್ದಿಕೊಂಡೇ. ಒಂದೇ ಯಂತ್ರದ ಮೇಲೆ ಇಪ್ಪತ್ತು ಲಕ್ಷ ಸಂಪರ್ಕ ಹಿಡಿದಿಟ್ಟಿದೀವಿ ಅಂತ ಅವರು 2012ರಲ್ಲಿ ಹೇಳ್ಕೊಂಡ್ರು. ದೊಡ್ಡ ಯಂತ್ರವೇ ಅನ್ನಿ. ಆದ್ರೂ ಇಪ್ಪತ್ತು ಲಕ್ಷಕ್ಕೂ ನಮ್ಮ ಇಪ್ಪತ್ತಕ್ಕೂ ಇರೋ ಅಂತರ ಬರೀ ದುಡ್ಡಿನದ್ದಲ್ಲ, ಸಂಪರ್ಕ ತೆರೆದಿಡೋಕೆ ಬಿಡ್ತಾರಾ ಇಲ್ವಾ ಅನ್ನೋದರದ್ದು.

ಹುಡುಗರು ಈಗ ಪುಟವನ್ನ ಇನ್ನೊಂದು ಶೇರ್ಡ್ ಹೋಸ್ಟಿಂಗ್‌ಗೆ ಸಾಗಿಸಿ, ಪ್ರೊಸೊಡಿಯನ್ನ ಒಂದು ಸಣ್ಣ ವಿಪಿಎಸ್ ಮೇಲೆ ಹಾಕಿದಾರೆ. ತಿಂಗಳ ಬಾಡಿಗೆ ಐದುನೂರರ ಆಸುಪಾಸು. ಹಳೇ ಮಾತುಕತೆಯ ಟೇಬಲನ್ನ ಅಳಿಸಿ ಹಾಕೋದಾ ಉಳಿಸೋದಾ ಅಂತ ಎರಡು ದಿನ ಜಗಳ ಆಯ್ತು. ನರ್ಸ್ ಅಕ್ಕ ಮತ್ತು ಅವಳ ಜೊತೆ ಬಂದ ಆರು ಮಂದಿ ಅಳಿಸಿ ಅಂದ್ರು, ಅಳಿಸಿದ್ರು. ಸರ್ವರ್ ಪಾಸ್‌ವರ್ಡ್ ಈಗ ಇಬ್ಬರ ಹತ್ತಿರ ಮಾತ್ರ ಇದೆ, ಒಬ್ಬಳು ಆ ಅಕ್ಕನೇ. ಪ್ರತಿ ರೂಮಿನಲ್ಲೂ ಮಾತು ಎಷ್ಟು ದಿನ ಉಳಿಯುತ್ತೆ ಅಂತ ಮೇಲೇ ಬರೆದಿದಾರೆ, ಏಳು ದಿನ. ಬರೋ ವರ್ಷದ ಬಾಡಿಗೆ ಯಾರ ಕಾರ್ಡಿನಿಂದ ಕಟ್ಟೋದು ಅನ್ನೋದಿನ್ನೂ ತೀರ್ಮಾನ ಆಗಿಲ್ಲ.